ಬಾವಿಯ ಗಾಳಿಯಲ್ಲಿ ನೂರಕ್ಕೆ ಎಷ್ಟು

ಕಾಲೇಜಿನ ನೀರಿನ ಮೋಟರ್ ರಿಪೇರಿಗೆ ಬಂದಿದ್ದವರು ಕೈ ತೊಳೆಯಲೆಂದು ನಮ್ಮ ಕೆಮಿಸ್ಟ್ರಿ ಲ್ಯಾಬಿನೊಳಗೆ ಬಂದರು. ಕೈ ಒರೆಸಿಕೊಂಡ ಮೇಲೂ ಹೋಗಲಿಲ್ಲ. ಸ್ಟೂಲಿನ ಮೇಲೆ ಕೂತು, "ಮೇಡಮ್, ಒಂದ್ ಮಾತು ಕೇಳ್ತೀನಿ. ದೀಪ ಉರೀತಿದ್ರೂ ಮನುಷ್ಯನಿಗೆ ಉಸಿರು ಕಟ್ತದಾ?" ಅಂದರು.

ಐವತ್ತರ ಆಸುಪಾಸಿನ ಗಟ್ಟಿ ಮನುಷ್ಯ. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನವರೆಗಿನ ತೋಟಗಳಲ್ಲಿ ಅವರು ಬಿಚ್ಚಿ ಜೋಡಿಸದ ಪಂಪ್‌ಸೆಟ್ ಕಡಿಮೆ. ಹಿಂದಿನ ದಿನ ಕೆಂಕೆರೆ ಕಡೆಯ ಒಂದು ತೋಟದಲ್ಲಿ ಹಳೆಯ ಕಲ್ಲುಬಾವಿಗೆ ಇಳಿದಿದ್ದರಂತೆ. ಅರವತ್ತು ಅಡಿ ಆಳ. ನಲವತ್ತೈದು ಅಡಿಯ ಹತ್ತಿರ ಒಂದು ಕಟ್ಟೆ, ಅದರ ಮೇಲೆ ಹಳೇ ಮೋಟರ್. ವಾಡಿಕೆಯಂತೆ ಮೊದಲು ಲಾಟೀನು ಇಳಿಬಿಟ್ಟು ನೋಡಿದ್ದಾರೆ. ಚೆನ್ನಾಗಿಯೇ ಉರಿದಿದೆ. ಇಳಿದು ಹತ್ತು ನಿಮಿಷಕ್ಕೆ ತಲೆ ಸಿಡಿಯತೊಡಗಿತು, ಏದುಸಿರು ಬಂತು, ಸ್ಪ್ಯಾನರ್ ಹಿಡಿದ ಬೆರಳು ಮಾತು ಕೇಳಲಿಲ್ಲ. ಹೇಗೆ ಮೆಟ್ಟಿಲು ಹತ್ತಿದೆ ಅನ್ನುವುದೇ ನೆನಪಿಲ್ಲ ಎಂದರು.

"ಉಸಿರು ಕಟ್ಟುತ್ತೆ. ಇನ್ನೊಂದು ಸಲ ಇಳಿಯಬೇಡಿ," ಅಂದೆ.

"ಇಳೀಲೇಬೇಕು ಕಣ್ರೀ. ಒಪ್ಕಂಡಿದ್ದೀನಿ. ತೋಟದಮ್ಮ ಬುಡಾಕಿಲ್ಲ."

ಆ ಸಂಜೆಯೇ ನಾನು ತೋಟಕ್ಕೆ ಹೋದೆ. ಹೋಗದೆ ಇದ್ದಿದ್ದರೆ ಮುಂದಿನ ಒಂಬತ್ತು ದಿನ ನನಗೆ ನೆಮ್ಮದಿ ಇರುತ್ತಿತ್ತು.

ತೋಟದ ಯಜಮಾನತಿ ಅರವತ್ತು ದಾಟಿದ ಹೆಂಗಸು. ತೋಟವನ್ನೆಲ್ಲ ತಾವೇ ನಿಂತು ನೋಡಿಕೊಳ್ಳುವವರು. ಪಕ್ಕದ ಕೆರೆಗೆ ನೀರು ಬಂದ ಮೇಲೆ ಎಂಟು ವರ್ಷದಿಂದ ಒಣಗಿದ್ದ ಬಾವಿಯಲ್ಲಿ ನೀರು ಏರಿತ್ತು. ಹೊಸದಾಗಿ ನೆಟ್ಟ ತೆಂಗಿನ ಸಸಿಗಳಿಗೆ ಅದೇ ನೀರು ಬೇಕು ಅನ್ನುವುದು ಅವರ ಹಟ. ಬಾವಿಯ ಬಾಯಿಗೆ ಅಷ್ಟು ವರ್ಷವೂ ಕಲ್ಲುಚಪ್ಪಡಿ ಮುಚ್ಚಿತ್ತಂತೆ. ಸಂದಿಯಿಂದ ಬಿದ್ದ ಗರಿ, ಮಟ್ಟೆ, ಹೊಂಬಾಳೆ ತಳದಲ್ಲಿ ಕೊಳೆಯುತ್ತಿದ್ದವು. ಕೊಳೆಯುವಾಗ ಅವು ಆಮ್ಲಜನಕವನ್ನು ತಿಂದು ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತವೆ. ಅದು ಗಾಳಿಗಿಂತ ಭಾರ, ಮೇಲೆ ಬರುವುದಿಲ್ಲ.

ಫ್ಯಾನಿಟ್ಟು ಗಾಳಿ ಊದಿಸಿ ಆಮೇಲೆ ಇಳಿಸಿ ಎಂದು ಹೇಳಿದೆ.

"ಮೇಷ್ಟ್ರಮ್ಮ, ಈ ಬಾವೀಗೆ ನಾನೇ ಇಳಿದಿದ್ದೀನಿ," ಅಂದರು ಅವರು. "ಸೊಸೆಯಾಗಿ ಬಂದ ವರ್ಷ ಸೊಂಟಕ್ಕೆ ಸೆರಗು ಕಟ್ಟಿ ಹೂಳು ಎತ್ತಿದ್ದೀನಿ. ನಂಗೇನಾಯ್ತು? ಅವನಿಗೆ ಬೆಳಿಗ್ಗೆ ಹೊಟ್ಟೆಗಿರಲಿಲ್ಲ, ತಲೆ ತಿರುಗ್ತು, ಅಷ್ಟೆಯ. ಇಲ್ದಿದ್ ದೆವ್ವಕ್ಕೆ ನಾನ್ಯಾಕೆ ಕೋಳಿ ಕುಯ್ಲಿ? ಮೊದ್ಲು ಗ್ಯಾಸ್ ಐತೆ ಅಂತ ತೋರ್ಸಿ."

"ತೋರಿಸ್ತೀನಿ," ಅಂದುಬಿಟ್ಟೆ.

"ಎಷ್ಟಿದ್ರೆ ಕೆಟ್ಟದ್ದು?"

ಸುರಕ್ಷತೆಯ ಕೈಪಿಡಿಯಲ್ಲಿ ಓದಿದ್ದು ನೆನಪಿತ್ತು. "ನೂರು ಪಾಲಿಗೆ ನಾಲ್ಕಿದ್ದರೆ ಪ್ರಾಣಕ್ಕೇ ಅಪಾಯ," ಅಂದೆ. ಇದು ನಾನು ಮಾಡಿದ ಮೊದಲ ತಪ್ಪು. ನಾಲ್ಕು ಅನ್ನುವುದು ತಕ್ಷಣದ ಅಪಾಯದ ಗಡಿ. ದಿನವಿಡೀ ಕೆಲಸ ಮಾಡುವ ಜಾಗದಲ್ಲಿ ನೂರಕ್ಕೆ ಅರ್ಧ ದಾಟಬಾರದು. ಆದರೆ ಆಕೆಯ ಕಿವಿಗೆ ಬಿದ್ದದ್ದು ನಾಲ್ಕು ಮಾತ್ರ.

ಗ್ಯಾಸ್ ಅಳೆಯುವ ಮೀಟರ್ ಬೆಂಗಳೂರಿನ ಗೆಳತಿಯೊಬ್ಬಳ ಕಾರ್ಖಾನೆಯಲ್ಲಿತ್ತು. ಅದು ಕೈಗೆ ಸಿಗಲು ಹದಿನೈದು ದಿನ ಬೇಕು ಎಂದಳು. ತೋಟದಮ್ಮ ಅಷ್ಟು ದಿನ ಕಾಯುವವರಲ್ಲ. ನನ್ನ ಹತ್ತಿರ ಇದ್ದದ್ದು ಪಿಯುಸಿ ಲ್ಯಾಬು ಮತ್ತು ಹದಿನೇಳು ವರ್ಷದಿಂದ ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದ ಮೋಲ್ ಲೆಕ್ಕ.

ಮಕ್ಕಳಿಗೆ ನಾನು ಹೇಳುವುದು ಹೀಗೆ: ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯನ್ನು ಯಾರೂ ಒಂದೊಂದಾಗಿ ಎಣಿಸುವುದಿಲ್ಲ, ತೂಗುತ್ತಾರೆ. ಒಂದರ ತೂಕ ಗೊತ್ತಿದ್ದರೆ ಚೀಲದಲ್ಲಿ ಎಷ್ಟಿವೆ ಅಂತ ಹೇಳಬಹುದು. ಕಣ್ಣಿಗೆ ಕಾಣದ ಅಣುಗಳನ್ನು ಎಣಿಸುವುದೂ ಹಾಗೆಯೇ. ಆರರ ಮುಂದೆ ಇಪ್ಪತ್ತಮೂರು ಸೊನ್ನೆ ಹಾಕಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು ಕಣಗಳ ಒಂದು ಕಟ್ಟಿಗೆ ಮೋಲ್ ಎಂದು ಹೆಸರು. ಒಂದು ಬಾಟಲಿ ಗಾಳಿಯಲ್ಲಿ ಒಟ್ಟು ಎಷ್ಟು ಮೋಲ್ ಇದೆ, ಅದರಲ್ಲಿ ಇಂಗಾಲದ ಡೈ ಆಕ್ಸೈಡ್ ಎಷ್ಟು ಮೋಲ್ ಅಂತ ಗೊತ್ತಾದರೆ ನೂರಕ್ಕೆ ಎಷ್ಟು ಅನ್ನುವುದು ತಾನಾಗಿ ಸಿಗುತ್ತದೆ. ಬೋರ್ಡಿನ ಮೇಲೆ ಮೂರು ಸಾಲಿನ ಲೆಕ್ಕ.

ಆ್ಯಸಿಡ್ ಬಂದಿದ್ದ ಒಂದೇ ಅಳತೆಯ ಮೂರು ದೊಡ್ಡ ಗಾಜಿನ ಬಾಟಲಿಗಳನ್ನು ತೊಳೆದು ಅಳೆದೆ. ಬಾಯಿ ತನಕ ತುಂಬಿದರೆ ಎರಡು ಲೀಟರ್ ಎಂಟುನೂರು ಮಿಲಿ. ಗಾಳಿ ಹಿಡಿದ ಬಾಟಲಿಯೊಳಗೆ ಲೀಟರಿಗೆ ೦.೧ ಮೋಲ್ ಶಕ್ತಿಯ ನೂರು ಮಿಲಿ ಕಾಸ್ಟಿಕ್ ಸೋಡಾ ದ್ರಾವಣ, ಜೊತೆಗೆ ಸ್ವಲ್ಪ ಬೇರಿಯಂ ಕ್ಲೋರೈಡ್ ಹಾಕಿ ಕುಲುಕಿದರೆ ಅದು ಇಂಗಾಲದ ಡೈ ಆಕ್ಸೈಡನ್ನು ಪೂರ್ತಿ ಹೀರಿಕೊಂಡು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಎಷ್ಟು ಸೋಡಾ ಉಳಿಯಿತು ಅನ್ನುವುದನ್ನು ಬಣ್ಣದ ಸೂಚಕ ಹಾಕಿ, ಬ್ಯೂರೆಟ್ ಎಂಬ ಅಳತೆಯ ನಳಿಗೆಯಿಂದ ಆ್ಯಸಿಡ್ ಬಿಟ್ಟು, ಗುಲಾಬಿ ಬಣ್ಣ ಹೋಗುವ ತನಕ ನೋಡಿ ಕಂಡುಹಿಡಿಯಬೇಕು. ಖರ್ಚಾದ ಸೋಡಾದ ಅರ್ಧದಷ್ಟು ಮೋಲ್ ಅನಿಲ ಬಾಟಲಿಯಲ್ಲಿತ್ತು ಎಂದು ಅರ್ಥ.

ಮೊದಲನೆಯ ದಿನ ಬಾಟಲಿಗೆ ನೀರು ತುಂಬಿ, ತಲೆಕೆಳಗಾಗಿ ಹಗ್ಗದಲ್ಲಿ ಇಳಿಬಿಟ್ಟೆವು. ಇನ್ನೊಂದು ದಾರದಿಂದ ಬಿರಡೆ ಎಳೆದರೆ ನೀರು ಸುರಿದು ಆ ಜಾಗಕ್ಕೆ ಬಾವಿಯ ಗಾಳಿ ಬರಬೇಕು. ನಮ್ಮ ಲ್ಯಾಬಿನ ಅಟೆಂಡರ್ ನನ್ನ ಜೊತೆ ಬಂದಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಕೈ ಚುರುಕು. ಮೂರು ಸಲ ಇಳಿಸಿ ಮೂರು ಸಲ ಎತ್ತಿದೆವು. ಲೆಕ್ಕ ಬಂದದ್ದು ನೂರಕ್ಕೆ ಒಂದೂ ಮುಕ್ಕಾಲು, ಎರಡೂವರೆ, ಒಂದೂಕಾಲು. ಒಂದೇ ಬಾವಿ, ಒಂದೇ ಮಧ್ಯಾಹ್ನ, ಮೂರು ಉತ್ತರ. ಹುಡುಗರು ಇಂಥ ರೀಡಿಂಗ್ ತಂದರೆ ನಾನು ರೆಕಾರ್ಡ್ ಪುಸ್ತಕ ವಾಪಸು ಕೊಡುತ್ತೇನೆ.

ಎರಡು ದಿನ ಸೋಡಾವನ್ನು ಅನುಮಾನಿಸಿದೆ. ಡಬ್ಬಿಯಲ್ಲಿದ್ದ ಸೋಡಾ ಕಾಳುಗಳ ಮೇಲೆ ಬಿಳಿಯ ಪದರ ಕಟ್ಟಿತ್ತು. ಅದನ್ನು ತೊಳೆದು ಹೊಸ ದ್ರಾವಣ ಮಾಡಿ ಮತ್ತೆ ಶಕ್ತಿ ಅಳೆದೆ. ವ್ಯತ್ಯಾಸ ಅಲ್ಪ. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು, "ಮೇಡಮ್, ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು. ಕೆಮಿಕಲ್ಸ್ ಎಲ್ಲ ಬಾವಿಗೆ ಹಾಕ್ತಿದ್ದೀರಂತೆ?" ಎಂದು ಕೇಳಿ ಹೋದರು. ನಗುತ್ತಲೇ ಕೇಳಿದರು. ನನಗೆ ನಗು ಬರಲಿಲ್ಲ.

ಅಟೆಂಡರ್ ಪಾತ್ರೆ ತೊಳೆಯುತ್ತಾ, "ಸೋಡಾ ಬಾಟ್ಲು ಬಿಚ್ಚಿದ್ರೆ ಬುಸ್ ಅಂತದಲ್ಲ ಮೇಡಮ್, ಅದೂ ಇದೇ ಗ್ಯಾಸ್ ತಾನೆ? ನೀರಲ್ಲೇ ಕರಗಿರ್ತದಲ್ವಾ?" ಅಂದಳು.

ನಾನು ಬ್ಯೂರೆಟ್ ಕೆಳಗಿಟ್ಟೆ. ನೀರು ಸುರಿಯುವಾಗ ಬುಳುಬುಳು ಎಂದು ಒಳಗೆ ಬರುವ ಅನಿಲದಲ್ಲಿ ಒಂದು ಪಾಲು ಆ ನೀರಿಗೇ ಕರಗಿ ಹೊರಟುಹೋಗುತ್ತಿತ್ತು. ಪ್ರತಿಸಲ ಬೇರೆ ಬೇರೆ ಪಾಲು. ಈ ಅನಿಲವನ್ನು ನೀರಿನ ಮೇಲೆ ಹಿಡಿಯಬಾರದು ಎಂದು ಹತ್ತನೇ ಕ್ಲಾಸಿನ ಹುಡುಗಿಗೂ ಗೊತ್ತು.

ವಿಧಾನ ಬದಲಾಯಿಸಿದೆವು. ತೋಟದಲ್ಲಿ ಬಿದ್ದಿದ್ದ ಡ್ರಿಪ್ ಪೈಪನ್ನು ಬಾವಿಯೊಳಗಿನ ಮೋಟರ್ ಕಟ್ಟೆಯ ಮಟ್ಟಕ್ಕೆ ಇಳಿಬಿಟ್ಟು, ಮೇಲಿನ ತುದಿಯನ್ನು ಒಣ ಬಾಟಲಿಗೆ ಜೋಡಿಸಿದೆವು. ಬಾಟಲಿಯ ಇನ್ನೊಂದು ನಳಿಗೆಯಿಂದ ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗೆ ಸಂಪರ್ಕ. ಕ್ಯಾನಿನ ನಲ್ಲಿ ತಿರುಗಿಸಿದರೆ ನೀರು ಹೊರಗೆ ಹೋಗುತ್ತಾ ಬಾವಿಯ ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ. ಗಾಳಿ ಮೊದಲು ಬಾಟಲಿಗೆ ಬರುತ್ತದೆ, ನೀರನ್ನು ಮುಟ್ಟುವುದು ಆಮೇಲೆ. ಎರಡು ಕ್ಯಾನು ಖಾಲಿ ಮಾಡಿ ಕ್ಲಿಪ್ಪು ಹಾಕಿದೆವು.

ಉತ್ತರ: ಸೊನ್ನೆಗೆ ಹತ್ತಿರ.

ತೋಟದಮ್ಮ ಕೈ ತಟ್ಟಿದರು. "ಹೇಳಿದ್ನಾ ಇಲ್ವಾ!"

ಪೈಪಿನ ಜೋಡಣೆಯೊಂದು ಸಡಿಲವಾಗಿ, ಮೇಲಿನ ಒಳ್ಳೆಯ ಗಾಳಿಯನ್ನೇ ಎಳೆದುಕೊಂಡಿದ್ದೆವು. ಅದನ್ನು ಕಂಡುಹಿಡಿಯಲು ಅರ್ಧ ದಿನ ಹೋಯಿತು. ಹುಳಿಯಾರಿನ ಅಂಗಡಿಯಿಂದ ಹೊಸ ಜಾಯಿಂಟ್ ತಂದದ್ದು ರಿಪೇರಿಯವರು. ಹಳೆಯದನ್ನು ಕತ್ತರಿಸಿ, ಹೊಸದನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, "ಈಗ ಉಸಿರು ಸೋರಾಕಿಲ್ಲ," ಅಂದರು.

ಏಳನೆಯ ದಿನ ಮೂರು ಬಾಟಲಿ ತೆಗೆದೆ. ಲ್ಯಾಬಿಗೆ ತಂದು ಒಂದೊಂದನ್ನೂ ಇಪ್ಪತ್ತು ನಿಮಿಷ ಕುಲುಕಿದೆವು. ನೂರು ಮಿಲಿ ಸೋಡಾದಲ್ಲಿ ಉಳಿದದ್ದು ಹದಿನೆಂಟು ಮಿಲಿ, ಖರ್ಚಾದದ್ದು ಎಂಬತ್ತೆರಡು. ಮೂರರಲ್ಲೂ ಹೆಚ್ಚುಕಡಿಮೆ ಅದೇ. ಎಷ್ಟು ದಿನದ ಮೇಲೆ ಉತ್ತರಗಳು ಒಂದರ ಪಕ್ಕ ಒಂದು ಕೂತವು! ಇಂಗಾಲದ ಡೈ ಆಕ್ಸೈಡ್ ೦.೦೦೪೧ ಮೋಲ್. ಬಾಟಲಿಯಲ್ಲಿ ದ್ರಾವಣದ ಜಾಗ ಬಿಟ್ಟು ಗಾಳಿ ೨.೭ ಲೀಟರ್. ಒಂದು ಮೋಲ್ ಅನಿಲಕ್ಕೆ ೨೨.೪ ಲೀಟರ್. ಹೊಸ ಪುಸ್ತಕದಲ್ಲಿ ೨೨.೭ ಎಂದಿದೆ, ನನ್ನ ಕೈ ಇನ್ನೂ ಹಳೆಯದನ್ನೇ ಬರೆಯುತ್ತದೆ. ಭಾಗಿಸಿದರೆ ಒಟ್ಟು ೦.೧೨ ಮೋಲ್. ನೂರಕ್ಕೆ ಮೂರು ಪಾಯಿಂಟ್ ನಾಲ್ಕು.

ಫೋನಿನಲ್ಲಿ ತೋಟದಮ್ಮನಿಗೆ ಹೇಳಿದೆ. ಗ್ಯಾಸ್ ಇದೆ ಎಂದು ತೋರಿಸಿದ ಹೆಮ್ಮೆ ನನ್ನದು.

"ಮೂರೂವರೆಗೂ ಕಮ್ಮಿ. ನಾಲ್ಕಿದ್ರೆ ತಾನೆ ಕೆಟ್ಟದ್ದು?"

"ಹಾಗಲ್ಲಮ್ಮ, ಮೂರೂ ಒಳ್ಳೇದಲ್ಲ..."

"ನಾಲ್ಕು ಅಂದೋರು ನೀವೇ ಕಣವ್ವ. ನಾಳಿದ್ದು ಬೆಳಿಗ್ಗೆ ಇಳಿಸ್ತೀನಿ. ಅರ್ಧ ಗಂಟೆ ಕೆಲಸ."

ರಿಪೇರಿಯವರಿಗೂ ಫೋನ್ ಮಾಡಿದೆ. "ನಾಲ್ಕಕ್ಕಿಂತ ಕಮ್ಮಿ ಬಂದೈತೆ ಅಂದ್ರೆ ಬೇಗ ಇಳಿದು ಬೇಗ ಬತ್ತೀನಿ ಬುಡಿ ಮೇಡಮ್," ಅಂದರು. ನಾನು ವಾದಿಸಿದೆ. ಆದರೆ ನನ್ನದೇ ಅಂಕಿ ನನ್ನ ಎದುರು ನಿಂತಿತ್ತು.

ಮರುದಿನ ಮಧ್ಯಾಹ್ನ ಥರ್ಮಾಮೀಟರ್ ಬೇಕಾಗಿ ಫಿಸಿಕ್ಸ್ ಲ್ಯಾಬಿಗೆ ಹೋದೆ. ಅಲ್ಲಿ ಗೋಡೆಯ ಮೇಲೆ ಪಾದರಸದ ವಾಯುಭಾರಮಾಪಕ ಇತ್ತು. ಅದಕ್ಕೆ ಒಂದು ಚೀಟಿ ಅಂಟಿಸಿತ್ತು: "ಕೆಟ್ಟಿದೆ." ನಾನು ಕಾಲೇಜಿಗೆ ಬಂದಾಗಿನಿಂದ ಆ ಚೀಟಿ ಹಾಗೇ ಇದೆ. ಆವತ್ತು ಯಾಕೋ ಹತ್ತಿರ ಹೋಗಿ ನೋಡಿದೆ. ಪಾದರಸ ಅರವತ್ತೊಂಬತ್ತು ಸೆಂಟಿಮೀಟರಿನಲ್ಲಿ ನಿಂತಿತ್ತು.

"ಏನು ಕೆಟ್ಟಿದೆ ಇದರಲ್ಲಿ?" ಎಂದು ಫಿಸಿಕ್ಸ್ ಮೇಷ್ಟ್ರನ್ನು ಕೇಳಿದೆ.

"ಎಪ್ಪತ್ತಾರು ತೋರಿಸಬೇಕಲ್ಲ, ತೋರಿಸಲ್ಲ. ನಮಗಿಂತ ಹಿಂದಿನವರು ಬರೆದಿಟ್ಟಿದ್ದು," ಎಂದು ಉತ್ತರ ಪತ್ರಿಕೆಯಿಂದ ತಲೆ ಎತ್ತದೆ ಹೇಳಿದವರು ಎರಡು ಕ್ಷಣ ತಡೆದು ತಲೆ ಎತ್ತಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಎಪ್ಪತ್ತಾರು ಸಮುದ್ರದ ದಂಡೆಯ ಲೆಕ್ಕ. ನಮ್ಮ ಊರು ಸಮುದ್ರ ಮಟ್ಟದಿಂದ ಎಂಟುನೂರು ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಅಣುಗಳು ದೂರ ದೂರ. ಮಾಪಕ ಸರಿಯಾಗಿಯೇ ಇತ್ತು. ೨೨.೪ ಲೀಟರ್ ಅನ್ನುವುದು ಸಮುದ್ರದ ಒತ್ತಡಕ್ಕೆ, ಮಂಜುಗಡ್ಡೆ ಕರಗುವ ಚಳಿಗೆ ಹೇಳಿದ ಮಾತು. ನಮ್ಮ ಬಾವಿಯ ಗಾಳಿಯೋ ಇಪ್ಪತ್ತೇಳು ಡಿಗ್ರಿಯದು.

ಅಲ್ಲೇ ಬೆಂಚಿನ ಮೇಲೆ ಕೂತು ಮತ್ತೆ ಲೆಕ್ಕ ಮಾಡಿದೆ. ಇಲ್ಲಿನ ಒತ್ತಡದಲ್ಲಿ, ಆ ಶಾಖದಲ್ಲಿ, ಒಂದು ಮೋಲ್ ಅನಿಲಕ್ಕೆ ಇಪ್ಪತ್ತೇಳು ಲೀಟರಿಗಿಂತ ಹೆಚ್ಚು ಜಾಗ ಬೇಕು. ನನ್ನ ಬಾಟಲಿಯಲ್ಲಿ ಇದ್ದದ್ದು ೦.೧೨ ಮೋಲ್ ಅಲ್ಲ, ೦.೧೦ಕ್ಕಿಂತ ಕೂದಲೆಳೆ ಕಡಿಮೆ. ಒಟ್ಟು ಅಣುಗಳು ಆರರ ಮುಂದೆ ಇಪ್ಪತ್ತೆರಡು ಸೊನ್ನೆ. ನಾನು ಏಳೂಕಾಲು ಎಂದು ಎಣಿಸಿದ್ದೆ. ಬಾಟಲಿಯಲ್ಲಿ ಇಲ್ಲದ ಅಣುಗಳನ್ನು ಇವೆ ಎಂದು ಸೇರಿಸಿ ವಿಷವನ್ನು ತೆಳುವಾಗಿಸಿದ್ದೆ. ಸರಿಯಾದ ಉತ್ತರ: ನೂರಕ್ಕೆ ನಾಲ್ಕು ಪಾಯಿಂಟ್ ಒಂದು.

ಹದಿನೇಳು ವರ್ಷ. ಪ್ರತಿ ವರ್ಷ ಜೂನ್‌ನಲ್ಲಿ ಆ ೨೨.೪ನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಬಾಯಿಪಾಠ ಮಾಡಿ ಎಂದಿದ್ದೆ. "ಪ್ರಮಾಣಿತ ಶಾಖ ಮತ್ತು ಒತ್ತಡದಲ್ಲಿ" ಎಂದು ಪಕ್ಕದಲ್ಲಿ ಬರೆಸಿಯೂ ಇದ್ದೆ. ನಾವು ಆ ಪ್ರಮಾಣಿತ ಜಾಗದಲ್ಲಿ ಇಲ್ಲ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಬೇರೆಯವರ ಮೇಲೆ ಬಂದ ಸಿಟ್ಟಿಗೆ ಒಂದು ದಾರಿ ಇರುತ್ತದೆ. ಆವತ್ತು ಬಂದ ಸಿಟ್ಟಿಗೆ ನನ್ನನ್ನು ಬಿಟ್ಟು ಹೋಗಲು ಜಾಗ ಇರಲಿಲ್ಲ.

ಫೋನ್ ಮಾಡಿದರೆ ಕೆಲಸ ಆಗುವುದಿಲ್ಲ ಎಂದು ಗೊತ್ತಿತ್ತು. ಮರುದಿನ ಬೆಳಿಗ್ಗೆ ರಜೆ ಬರೆದುಕೊಟ್ಟು, ಬ್ಯೂರೆಟ್, ಸ್ಟ್ಯಾಂಡ್, ದ್ರಾವಣಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ, ಅಟೆಂಡರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಏಳೂವರೆಗೆ ತೋಟ ಸೇರಿದೆ. ರಿಪೇರಿಯವರು ಪಂಚೆ ಎತ್ತಿ ಕಟ್ಟಿ, ಬಾವಿಯ ಬಾಯಿಯ ಕಟ್ಟೆಯ ಮೇಲೆ ಒಂದು ಕಾಲು ಇಟ್ಟಿದ್ದರು.

"ಇಳಿಯಬೇಡಿ. ನಾನು ಹೇಳಿದ ಲೆಕ್ಕ ತಪ್ಪು. ನಾಲ್ಕು ದಾಟಿದೆ," ಅಂದೆ.

ತೋಟದಮ್ಮ ನನ್ನನ್ನೇ ದಿಟ್ಟಿಸಿದರು. "ಮೊನ್ನೆ ಒಂದೂಕಾಲು. ಆಮ್ಯಾಕೆ ಸೊನ್ನೆ. ಆಮ್ಯಾಕೆ ಮೂರು ಚಿಲ್ರೆ. ಇವತ್ತು ನಾಲ್ಕು. ನಾಳೆ ಹತ್ತು ಅಂತೀರಿ. ಇದ್ಯಾವ ಸೀಮೆ ಇಸ್ಕೂಲವ್ವಾ ನಿಮ್ದು?"

ಅವರು ಹೇಳಿದ ಪ್ರತಿ ಅಂಕಿಯೂ ನಾನೇ ಕೊಟ್ಟದ್ದು. "ತಪ್ಪು ಮಾಡಿದ್ದು ನಾನು. ಅದನ್ನು ಇಲ್ಲಿ ನಿಂತು ಒಪ್ಪಿಕೊಳ್ತಿದ್ದೀನಿ. ಈಗಲಾದರೂ ಫ್ಯಾನ್ ಹಾಕಿಸಿ," ಎಂದೆ.

ಆಕೆ ಇಲ್ಲ ಎಂದು ತಲೆಯಾಡಿಸಿದರು. ಆಗ ರಿಪೇರಿಯವರು ಕಟ್ಟೆಯಿಂದ ಕಾಲು ತೆಗೆದು ನೆಲಕ್ಕೆ ಇಟ್ಟರು.

"ಅಮ್ಮ, ಗಾಳಿ ಊದ್ಸಿ. ಇಲ್ಲಾಂದ್ರೆ ಬೇರೆಯೋರ್ನ ನೋಡ್ಕಳಿ. ನಾನ್ ಇಳಿಯಾಕಿಲ್ಲ."

ತೋಟದಮ್ಮ ಬೈದುಕೊಳ್ಳುತ್ತಲೇ ರಾಗಿ ತೂರುವ ಫ್ಯಾನನ್ನು ಮನೆಯಿಂದ ತರಿಸಿದರು. ಟಾರ್ಪಾಲನ್ನು ಕೊಳವೆಯ ಹಾಗೆ ಸುತ್ತಿ ಗೋಣಿದಾರದಲ್ಲಿ ಹೊಲಿದು, ಒಂದು ತುದಿಯನ್ನು ಫ್ಯಾನಿನ ಬಾಯಿಗೆ ಕಟ್ಟಿ ಇನ್ನೊಂದನ್ನು ಬಾವಿಯ ತಳಕ್ಕೆ ಇಳಿಬಿಟ್ಟೆವು. ಹೊಲಿಗೆ ಎರಡು ಕಡೆ ಬಿಟ್ಟುಕೊಂಡಿತು. ಮತ್ತೆ ಎಳೆದು ಮತ್ತೆ ಹೊಲಿದೆವು. ಮೂರು ಗಂಟೆ ಊದಿದ ಮೇಲೆ ಬಾಟಲಿ ತುಂಬಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆಯೇ ಬ್ಯೂರೆಟ್ ನಿಲ್ಲಿಸಿ ಅಳೆದೆ. ನೂರಕ್ಕೆ ಅರ್ಧ. ಇದು ಒಂದು ಅನಿಲದ ಲೆಕ್ಕ ಮಾತ್ರ, ಬೇರೆ ಏನಾದರೂ ಇರಬಹುದು, ಸೊಂಟಕ್ಕೆ ಹಗ್ಗ ಇರಲೇಬೇಕು, ಫ್ಯಾನ್ ನಿಲ್ಲಬಾರದು ಎಂದು ಹೇಳಿದೆ. ರಿಪೇರಿಯವರು ಹಗ್ಗ ಕಟ್ಟಿಕೊಂಡು ಇಳಿದರು. ಹಗ್ಗದ ತುದಿಯನ್ನು ತೋಟದ ಇಬ್ಬರು ಆಳುಗಳು ಹಿಡಿದಿದ್ದರು.

ಇಪ್ಪತ್ತು ನಿಮಿಷ ಕೆಳಗಿನಿಂದ ಕಬ್ಬಿಣದ ಸದ್ದು ಬರುತ್ತಿತ್ತು. ಆಮೇಲೆ ಫ್ಯಾನಿನ ಸದ್ದು ನಿಂತಿತು. ಕರೆಂಟ್ ಹೋಯಿತು. ಗಾಳಿ ತುಂಬಿಕೊಂಡಿದ್ದ ಟಾರ್ಪಾಲ್ ಕೊಳವೆ ನಮ್ಮ ಕಣ್ಣೆದುರೇ ಮುದುಡಿಕೊಂಡಿತು.

"ಇನ್ನೆಷ್ಟು ಐತೋ?" ಎಂದು ತೋಟದಮ್ಮ ಬಗ್ಗಿ ಕೂಗಿದರು.

"ಎರಡು ಬೋಲ್ಟು."

"ಎರಡೇ ತಾನೆ, ಬಿಗಿದುಬುಟ್ಟು ಬಾರಪ್ಪ. ಐದು ನಿಮಿಷ."

ಐದು ನಿಮಿಷದಲ್ಲಿ ಎಷ್ಟು ಏರುತ್ತದೆ? ಅದಕ್ಕೆ ನನ್ನಲ್ಲಿ ಅಂಕಿ ಇರಲಿಲ್ಲ. ಬಹುಶಃ ಏನೂ ಆಗುವುದಿಲ್ಲ ಎಂದು ನನಗೇ ಅನ್ನಿಸಿತು. ಆ "ಬಹುಶಃ" ಕೇಳಿಯೇ ನನಗೆ ಹೆದರಿಕೆಯಾಯಿತು. ಕೆಳಗಿನಿಂದ ಧ್ವನಿ ಬಂತು: "ಮೇಡಮ್ ಏನಂತಾರೆ?"

"ಮೇಲೆ ಬನ್ನಿ," ಎಂದು ಕೂಗಿದೆ. "ಬೋಲ್ಟ್ ಬಿಟ್ಟು ಬನ್ನಿ."

ಅವರು ಬಂದರು. ಬೆವರು ಬಿಟ್ಟರೆ ಅವರಿಗೆ ಏನೂ ಆಗಿರಲಿಲ್ಲ. ತೋಟದಮ್ಮ ನನ್ನ ಕಡೆ ತಿರುಗಿಯೂ ನೋಡದೆ ಮನೆಯ ಕಡೆ ಹೊರಟರು.

ಕರೆಂಟ್ ಆ ದಿನ ಬರಲಿಲ್ಲ. ಎರಡು ಗಂಟೆ ಕಾದು ಇನ್ನೊಂದು ಬಾಟಲಿ ಗಾಳಿ ತೆಗೆದೆ. ಕೇಳಿದವರು ಯಾರೂ ಇರಲಿಲ್ಲ. ನನಗೆ ಬೇಕಿತ್ತು, ಅಷ್ಟೆ. ಎರಡು ಪಾಯಿಂಟ್ ಆರು. ಬಾವಿ ತನ್ನದನ್ನು ಮತ್ತೆ ತುಂಬಿಕೊಳ್ಳುತ್ತಿತ್ತು. ಓಡಿಹೋಗಿ ತೋಟದಮ್ಮನಿಗೆ ಹೇಳಬೇಕೆನ್ನಿಸಿತು. ಇನ್ನೊಂದು ಅಂಕಿಯನ್ನು ಆಕೆಯ ಮುಂದೆ ಹಿಡಿಯಲು ಮುಖ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದು ಮುಚ್ಚಿದೆ.

ಮರುದಿನ ಬೆಳಿಗ್ಗೆ ಮತ್ತೆ ಮೂರು ಗಂಟೆ ಊದಿ, ಮತ್ತೆ ಅಳೆದು, ಎರಡು ಬೋಲ್ಟು ಬಿಗಿದದ್ದಾಯಿತು. ಹನ್ನೊಂದು ಗಂಟೆಗೆ ಮೋಟರ್ ಶುರುವಾಗಿ, ಮೊದಲು ಕೆಸರು ಕಕ್ಕಿ, ಆಮೇಲೆ ತಿಳಿನೀರು ಕಾಲುವೆಗೆ ಬಿತ್ತು. ತೋಟದಮ್ಮ ಕಾಲುವೆಗೆ ಇಳಿದು ನೀರನ್ನು ಮುಖಕ್ಕೆ ಹಾಕಿಕೊಂಡರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ನೋಡಿರಲಿಲ್ಲ. ತಾವೇ ಎಳನೀರು ಕೆತ್ತಿಸಿ ನನಗೂ ಅಟೆಂಡರಿಗೂ ಕೊಟ್ಟರು.

"ನೋಡಿದ್ರಾ, ಏನೂ ಆಗ್ಲಿಲ್ಲ," ಅಂದರು. "ಸುಮ್ನೆ ಹತ್ತು ದಿನ ಹಾಳಾಯ್ತು."

ಎಳನೀರು ಕೈಯಲ್ಲಿ ಹಿಡಿದು ನಿಂತೆ. ಆಗಬಹುದಾಗಿದ್ದದ್ದು ಆಗದೆ ಹೋದದ್ದನ್ನು ಯಾವ ಬಾಟಲಿಯಲ್ಲಿ ತುಂಬಿ ತೋರಿಸಲಿ? ಕುಡಿದು ಬುರುಡೆ ಕೆಳಗಿಟ್ಟೆ.

ಸಾಮಾನು ಕಟ್ಟಿಕೊಂಡು ಸ್ಕೂಟರಿನ ಹತ್ತಿರ ಬಂದಾಗ ರಿಪೇರಿಯವರು ತಮ್ಮ ಗಾಡಿಗೆ ಸಲಕರಣೆಯ ಚೀಲ ಬಿಗಿಯುತ್ತಿದ್ದರು.

"ಮೊನ್ನೆ ನಾನು ಮೂರು ಪಾಯಿಂಟ್ ನಾಲ್ಕು ಅಂದಾಗಲೇ ನೀವು ಇಳಿದುಬಿಟ್ಟಿದ್ದರೆ, ಅದು ನನ್ನ ತಪ್ಪಾಗ್ತಿತ್ತು," ಅಂದೆ. ಹೇಳದೆ ಹೋಗಲು ಆಗಲಿಲ್ಲ.

ಅವರು ಚೀಲದ ಹಗ್ಗ ಗಂಟು ಹಾಕಿ, ಎಳೆದು ನೋಡಿ, ನಿಧಾನವಾಗಿ ಹೇಳಿದರು: "ತಪ್ಪು ಯಾರ್ದಾದ್ರೂ ಆಗ್ಲಿ ಮೇಡಮ್. ಒಳಗಿರ್ತಿದ್ದೋನು ನಾನು."